ಚಂದಮ್ಮ ಅಕ್ಕೋರಿಗೆ ಸಿಕ್ಕ ಇಂಗ್ಲಿಷ್ ಬಿರುದು

ಶಹಾಪುರದ ಹಳೆ ಪೇಟೆಯಲ್ಲಿ ಎಪ್ಪತ್ತು ದಾಟಿದ ಯಾವ ಹೆಂಗಸನ್ನಾದರೂ ನಿಲ್ಲಿಸಿ, ‘ನಿಮಗೆ ಅಕ್ಷರ ತಿದ್ದಿಸಿದವರು ಯಾರು?’ ಎಂದು ಕೇಳಿ ನೋಡಿ. ‘ಚಂದಮ್ಮ ಅಕ್ಕೋರು’ ಎನ್ನುವಾಗ ಆಕೆಯ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಚಂದಮ್ಮನ ಕೈಯಲ್ಲಿ ಕಲಿತವರು ಗೂನು ಹಾಕಿಕೊಂಡು ಕೂತದ್ದು ನಾನಂತೂ ನೋಡಿಲ್ಲ. ಆಕೆಯನ್ನು ಕಂಡರೆ ಆಗದವರು ‘ಧಿಮಾಕಿನ ಹೆಂಗಸು’ ಅನ್ನುತ್ತಿದ್ದರು. ಅನ್ನಲಿ ಬಿಡಿ. ಧಿಮಾಕು ಎನ್ನುವುದು ಊರವರು ಕೊಟ್ಟ ಹೆಸರು. ಆಕೆಗೆ ಸರಕಾರಿ ಸಾಹೇಬರೊಬ್ಬರು ಇಂಗ್ಲಿಷಿನಲ್ಲೇ ಒಂದು ಬಿರುದು ಕೊಟ್ಟಿದ್ದರು, ಅದೂ ನಾಲ್ಕು ಮಂದಿಯ ಮುಂದೆ. ಅದರ ಅರ್ಥ ತಿಳಿದುಕೊಂಡ ಮೇಲೆ ಆಕೆ ಅದನ್ನು ಜನ್ಮವಿಡೀ ಹೆಮ್ಮೆಯಿಂದಲೇ ಹೇಳಿಕೊಂಡಳು. ನಾನು ಹೇಳಹೊರಟದ್ದು ಆ ಬಿರುದಿನ ಕಥೆ.

ಚಂದಮ್ಮ ಹುಟ್ಟಿದ್ದು ಸುರಪುರದಲ್ಲಿ. ಅಪ್ಪ ತಲೆಯ ಮೇಲೆ ಸೀರೆಗಂಟು ಹೊತ್ತು ಸಂತೆ ತಿರುಗುತ್ತಿದ್ದವನು. ನಿಜಾಮನ ಕಾಲ, ಸರಕಾರಿ ಸಾಲಿ ಎಂದರೆ ಉರ್ದು ಸಾಲಿ. ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಆದರೆ ಮನೆ ಪಕ್ಕದ ಮಠದಲ್ಲಿ ಮುದುಕ ಐಗಳು ಹುಡುಗರಿಗೆ ಮರಳಿನ ಮೇಲೆ ಕನ್ನಡ ಬರೆಸುತ್ತಿದ್ದರು. ಈಕೆ ಕಂಬದ ಮರೆಯಲ್ಲಿ ಕೂತು ನೆಲದ ಮೇಲೆ ಬೆರಳಾಡಿಸುತ್ತಿದ್ದಳು. ಐಗಳು ಒಂದು ದಿನ ಹಿಡಿದರು. ಬೈಯುವ ಬದಲು ಒಳಗೆ ಕರೆದು ಮುಂದಿನ ಸಾಲಿನಲ್ಲಿ ಕೂಡಿಸಿದರು. ಮದುವೆಯಾಗಿ ಶಹಾಪುರಕ್ಕೆ ಬರುವ ಹೊತ್ತಿಗೆ ಚಂದಮ್ಮನಿಗೆ ಓದು, ಬರಹ, ಲೆಕ್ಕ ಎಲ್ಲ ಬರುತ್ತಿತ್ತು. ಅತ್ತೆಮನೆಯಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ, ಮಾವನೊಬ್ಬನನ್ನು ಬಿಟ್ಟು.

ಮಾವನ ಹೆಸರು ದೇವಿಂದ್ರಪ್ಪ. ಹೇಳಲು ನನಗೇನೂ ಅಡ್ಡಿಯಿಲ್ಲ, ನಾನು ಆ ಮನೆಯ ಸೊಸೆಯಲ್ಲ. ಸೊಸೆಯಾದವಳು ಮಾವನ ಹೆಸರು ಹಿಡಿಯುವಂತಿರಲಿಲ್ಲ, ಗಂಡನದನ್ನೂ ಹಿಡಿಯುವಂತಿರಲಿಲ್ಲ. ಹಿಡಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ಗಂಡನ ಹೆಸರು ಒಮ್ಮೆ ಹೇಳಿದರೆ ಮುಗಿಯಿತು, ಆಮೇಲೆ ಬಾಯಿಗೆ ಬೀಗ. ಮಾವ ಎದುರಾದರೆ ಸೆರಗು ಎಳೆದುಕೊಂಡು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಮಾತು ಇದ್ದರೆ ಅದನ್ನು ಗೋಡೆಗೆ ಹೇಳಬೇಕು. ‘ಊಟಕ್ಕ ಬರಬೇಕಂತ ಹೇಳು’ ಎಂದು ಗೋಡೆಗೆ ಅಂದರೆ, ಮಾವ ಗೋಡೆಯಿಂದ ಕೇಳಿಸಿಕೊಂಡವನಂತೆ ಎದ್ದು ಬರುತ್ತಾನೆ. ಇದರಲ್ಲಿ ಸಿಟ್ಟೂ ಇಲ್ಲ, ಸೆಡವೂ ಇಲ್ಲ. ಅದೇ ಮರ್ಯಾದೆ.

ಚಂದಮ್ಮ ಈ ಕಟ್ಟಳೆಯನ್ನು ಒಮ್ಮೆ ಮುರಿದಳು. ಗಂಡ ಸಂಗಣ್ಣನನ್ನು ಹೊಲದಿಂದ ಎತ್ತಿಕೊಂಡು ಬಂದು ಅಂಗಡಿಯ ಕಟ್ಟೆಯ ಮೇಲೆ ಮಲಗಿಸಿದ್ದರು. ಮೈಯೆಲ್ಲ ನೀಲಿಗಟ್ಟಿತ್ತು. ಚಂದಮ್ಮನಿಗೆ ಕಟ್ಟಳೆ ನೆನಪಾಗಲಿಲ್ಲ, ‘ಸಂಗಣ್ಣಾ!’ ಎಂದು ಓಣಿಗೆಲ್ಲ ಕೇಳುವಂತೆ ಚೀರಿದಳು. ಸಂಗಣ್ಣ ಕಣ್ಣು ತೆರೆಯಲಿಲ್ಲ. ಮಣ್ಣು ಕೊಟ್ಟು ಬಂದ ಜನ ಕಾಲು ತೊಳೆಯುವ ಮೊದಲೇ ಮಾತು ಶುರುವಾಯಿತು: ‘ಹೆಸರು ಹಿಡಿದು ಕರದ್ಲು, ಗಂಡನ್ನ ನುಂಗಿದ್ಲು.’ ಕಚ್ಚಿದ್ದು ಹಾವು. ಆದರೆ ಹಾವಿನ ಮೇಲೆ ಯಾರೂ ಅಪವಾದ ಹೊರಿಸಲಿಲ್ಲ. ಅತ್ತೆ ಹಂಪಮ್ಮ ಆ ಮಾತನ್ನು ತಾನು ಆಡಲಿಲ್ಲ ನಿಜ, ಆಡಿದವರ ಬಾಯಿಯನ್ನೂ ಮುಚ್ಚಿಸಲಿಲ್ಲ. ಬಾವಿಕಟ್ಟೆಯಲ್ಲಿ ಚಂದಮ್ಮ ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಅತ್ತ ಸರಿಸುತ್ತಿದ್ದರು. ಊರು ಆಡಿದ್ದನ್ನು ಹಗಲೂ ರಾತ್ರಿ ಕೇಳಿ ಕೇಳಿ ಆಕೆಯೂ ಒಳಗೊಳಗೇ ಅದನ್ನು ನಂಬಿಬಿಟ್ಟಿದ್ದಳು. ನನ್ನ ನಾಲಿಗೆಯಲ್ಲಿ ಏನೋ ಇದೆ, ಅದು ಹೆಸರು ಹಿಡಿದವರನ್ನು ಉಳಿಸುವುದಿಲ್ಲ ಎನ್ನುವುದು ಆಕೆಯ ಭಯ.

ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮನ ಆಳಿಕೆ ಹೋಯಿತು. ಊರೂರಿಗೆ ಕನ್ನಡ ಸಾಲಿ ತೆರೆಯಬೇಕೆಂದು ಹುಕುಂ ಬಂತು. ಸಾಲಿ ತೆರೆಯುವುದು ಸುಲಭ, ಕಲಿಸುವವರು ಎಲ್ಲಿ? ಗಂಡಸರಲ್ಲೇ ಕನ್ನಡ ಬರೆಯಬಲ್ಲವರು ಕಡಿಮೆ, ಹೆಣ್ಣುಮಕ್ಕಳ ಸಾಲಿಗೆ ಹೆಂಗಸೇ ಬೇಕೆಂದರೆ ಹುಡುಕಿದರೂ ಇಲ್ಲ. ದೇವಿಂದ್ರಪ್ಪ ಕಿರಾಣಿ ಅಂಗಡಿಯ ತಕ್ಕಡಿ ಕೆಳಗಿಟ್ಟು ಎದ್ದ. ನೇರ ತಹಸೀಲ್ ಕಚೇರಿಗೆ ಹೋಗಿ, ‘ನನ್ನ ಸೊಸಿ ಅದಾಳ, ತಗೋರಿ’ ಎಂದು ಹೇಳಿ ಬಂದ.

‘ಗಂಡ ಸತ್ತ ರಂಡಿ ಹೆಂಗಸು ಹೊಸ್ತಿಲ ದಾಟಿ ನೌಕರಿಗೆ ಹೋದ್ರ ಮಂದಿ ಏನಂದಾರು?’ ಎಂದು ಹಂಪಮ್ಮ ಹಣೆ ಬಡಿದುಕೊಂಡಳು.

‘ಮಂದಿ ನಮ್ಮ ಅಂಗಡ್ಯಾಗ ಉದ್ರಿ ತಗೊಂಡು ನಮಗೇ ಅಂತಾರ. ಅನ್ನಲಿ. ಆಕಿ ಕಲಿತ ವಿದ್ಯಾಕ ಹುಳ ಹತ್ತಬಾರದು’ ಎಂದ ದೇವಿಂದ್ರಪ್ಪ.

ಹೀಗೆ ಚಂದಮ್ಮ ಅಕ್ಕೋರಾದಳು. ಹಳೆ ಕಚೇರಿಯ ಪಡಸಾಲೆಯೇ ಸಾಲಿ. ಮೊದಲು ಬೆರಳೆಣಿಕೆಯ ಹುಡುಗಿಯರು, ವರ್ಷ ತಿರುಗುವಷ್ಟರಲ್ಲಿ ಪಡಸಾಲೆ ಸಾಲದಾಯಿತು. ಬಾವಿಕಟ್ಟೆಯಲ್ಲಿ ಕೊಡ ಸರಿಸಿದವರ ಮಕ್ಕಳೇ ಸಾಲುಗಟ್ಟಿ ಕೂತು ‘ಅಕ್ಕೋರ, ಅಕ್ಕೋರ’ ಎಂದು ಸೆರಗು ಜಗ್ಗುತ್ತಿದ್ದರು. ಸಾಲಿಯಲ್ಲಿ ಕಾಲಿಟ್ಟರೆ ಚಂದಮ್ಮ ಬೇರೆಯೇ ಹೆಂಗಸು. ಧ್ವನಿ ಏರುತ್ತಿತ್ತು, ಕುತ್ತಿಗೆ ನೆಟ್ಟಗಾಗುತ್ತಿತ್ತು. ಸಂಜೆ ಮನೆಯ ಹೊಸ್ತಿಲಿಗೆ ಬಂದಾಗ ಮತ್ತೆ ಸೆರಗು, ಮತ್ತೆ ಗೋಡೆ. ಆ ಸಾಲಿ ಹೋದರೆ ಆಕೆಗೆ ಉಳಿಯುವುದು ಗೋಡೆಯೊಂದೇ.

ಆಗ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಬಿಜಾಪುರದ ಕಡೆಯವರು, ಹೊಸ ಸಾಲಿಗಳನ್ನು ಸರಿದಾರಿಗೆ ಹಚ್ಚಲೆಂದು ಸರಕಾರ ಹಳೆ ನಿಜಾಮ ಸೀಮೆಯ ಆಚೆಯಿಂದ ಕರೆಸಿದವರಲ್ಲಿ ಒಬ್ಬರು. ಕೆಟ್ಟ ಮನುಷ್ಯರೇನಲ್ಲ. ಆದರೆ ‘ಈ ಹೊರಗಿನವರು ಬಂದು ನಮಗೇನು ಕಲಿಸ್ತಾರ’ ಎಂದು ಹೋದಲ್ಲೆಲ್ಲ ಬೆನ್ನ ಹಿಂದೆ ಕೇಳಿ ಕೇಳಿ ಅವರ ಕಿವಿ ಹುಣ್ಣಾಗಿತ್ತು. ಯಾರು ಮುಖ ತಿರುವಿದರೂ ತಮಗೇ ತಿರುವಿದರು ಎಂದುಕೊಳ್ಳುವ ಹಾಗಾಗಿತ್ತು.

ಹುಡುಗಿಯರು ಪಾಠ ಒಪ್ಪಿಸಿದರು, ಮಗ್ಗಿ ಹೇಳಿದರು. ಸಾಹೇಬರು ಖುಷಿಯಾಗಿ, ‘ಭೇಷ್! ಹಂಗಾದ್ರ ನನ್ನ ಹೆಸರೇನು ಹೇಳ್ರಿ ನೋಡೋಣು?’ ಅಂದರು. ಹುಡುಗಿಯರು ಮುಖ ಮುಖ ನೋಡಿಕೊಂಡರು. ‘ಹೇಳಿಕೊಟ್ಟಿಲ್ಲೇನು? ಈಗ ಹೇಳಿಕೊಡ್ರಿ ಅಕ್ಕೋರ’ ಎಂದು ಅವರು ಚಂದಮ್ಮನ ಕಡೆ ತಿರುಗಿದರು. ಹೆಸರು ಚಂದಮ್ಮನಿಗೂ ಗೊತ್ತಿರಲಿಲ್ಲ. ಜೊತೆಗೆ ಬಂದಿದ್ದ ಹೆಡ್‌ಮಾಸ್ತರರು, ರಾಯಚೂರಿನಿಂದ ಹೊಸದಾಗಿ ಬಂದವರು, ಮೆಲ್ಲಗೆ ಪಿಸುಗುಟ್ಟಿದರು: ‘ದೇವಿಂದ್ರಪ್ಪ ಸಾಹೇಬ್ರು ಅನ್ರಿ.’

ಚಂದಮ್ಮನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಎಳೆದುಕೊಂಡಳು, ಗೋಡೆಗೆ ತಿರುಗಿ ನಿಂತಳು. ಅದು ಮಾವನ ಹೆಸರು. ಆ ಹೆಸರಿನವರು ಎದುರು ನಿಂತಿದ್ದರೆ ಆಕೆಗೆ ಗೊತ್ತಿದ್ದ ಮರ್ಯಾದೆ ಅದೊಂದೇ.

‘ಯಾಕ್ರಿ? ಹೇಳ್ರಿ’ ಅಂದರು ಸಾಹೇಬರು.

‘ಹೆಡ್‌ಮಾಸ್ತರು ಹೇಳಿಕೊಡ್ತಾರಂತ ಹೇಳು’ ಎಂದು ಚಂದಮ್ಮ ಗೋಡೆಗೆ ಹೇಳಿದಳು.

ಗೋಡೆಗೆ ಮಾತಾಡುವ ಸೊಸೆಯರನ್ನು ಸಾಹೇಬರು ಕಾಣದವರಲ್ಲ. ಆದರೆ ತಾವು ಈಕೆಗೆ ಮಾವನೂ ಅಲ್ಲ, ಭಾವನೂ ಅಲ್ಲ. ಸಂಬಂಧವಿಲ್ಲದ ಹೆಂಗಸೊಬ್ಬಳು ತುಂಬಿದ ಕ್ಲಾಸಿನಲ್ಲಿ ಬೆನ್ನು ತೋರಿಸಿ, ತಮ್ಮನ್ನು ಬಿಟ್ಟು ಗೋಡೆಗೆ ಉತ್ತರ ಕೊಟ್ಟರೆ ಏನೆಂದುಕೊಳ್ಳಬೇಕು? ಅವರ ಮುಖ ಕೆಂಪಾಯಿತು. ಹೆಡ್‌ಮಾಸ್ತರರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ‘ಕಂಟೆಂಪ್ಚುಯಸ್! ಕಂಟೆಂಪ್ಚುಯಸ್ ವುಮನ್!’ ಅಂದರು. ಆಮೇಲೆ ಕನ್ನಡದಲ್ಲಿ, ‘ನಾಳೆ ಮುಂಜಾನಿ ಮತ್ತ ಬರ್ತೀನಿ. ಆಗೂ ಹಿಂಗ ನಿಂತ್ರ ಈಕಿನ್ನ ತಗದು ಬ್ಯಾರೆ ಅಕ್ಕೋರ್ನ ಕರಸ್ತೀನಿ’ ಎಂದು ಹೊರಟೇಹೋದರು.

ಐಗಳ ಮಠದಲ್ಲಿ ಬಾಯಿಪಾಠ ಮಾಡಿದ ಕಿವಿ ಅದು, ಆ ಇಂಗ್ಲಿಷ್ ಶಬ್ದ ಒಂದಕ್ಷರವೂ ಸೋರದೆ ಚಂದಮ್ಮನ ತಲೆಯಲ್ಲಿ ಕೂತಿತು. ಸಂಜೆ ಅಂಗಡಿಯ ಮರದ ಬಾಂಕಿನ ಮೇಲೆ ಎಂದಿನಂತೆ ಹಸನಸಾಬ ಚಹಾ ಕುಡಿಯುತ್ತ ಕೂತಿದ್ದ. ಗಂಡುಹುಡುಗರ ಸಾಲಿಯಲ್ಲಿ ಉರ್ದು, ಇಂಗ್ಲಿಷ್ ಎರಡನ್ನೂ ಕಲಿಸುವ ಮಾಸ್ತರ, ದೇವಿಂದ್ರಪ್ಪನ ಹಳೆಯ ಗೆಳೆಯ. ಚಂದಮ್ಮ ಬಾಗಿಲ ಮರೆಯಲ್ಲಿ ನಿಂತು ನಡೆದದ್ದನ್ನು ಹೇಳಿದಳು.

‘ಕಾಕಾ, ಕಂಟೆಂಪ್ಚುಯಸ್ ಅಂದ್ರ ಏನ್ರಿ?’

ಹಸನಸಾಬ ಚಹಾದ ಬಸಿಯನ್ನು ಕೆಳಗಿಟ್ಟ. ‘ಉರ್ದುದಾಗ ಹಿಕಾರತ್ ಅಂತೀವಿ ಬೇಟಿ. ಕನ್ನಡದಾಗ ತಿರಸ್ಕಾರ ಅನ್ನು. ಅದು ಯಾರ ನಡತ್ಯಾಗ ಇರ್ತದೋ ಅವರಿಗೆ ಈ ಮಾತು.’

‘ಮೂಗು ಮುರಿಯೋದು ಅಂತ ನಾವೂ ಅಂತೀವಲ್ಲ, ಅದಕ್ಕ ಇಂಗ್ಲಿಷ್ ಯಾಕ ಬೇಕು?’ ಎಂದಳು ಒಳಗಿನಿಂದ ಹಂಪಮ್ಮ.

‘ಇದು ಅದಕ್ಕಿಂತ ಒಂದು ಮೆಟ್ಟಿಲು ಮ್ಯಾಲ ಅದರಿ. ಸಿಟ್ಟು ಬರೋದು ಸರೀಕರ ಮ್ಯಾಲೆ. ಹೊಟ್ಟಿಕಿಚ್ಚು ನಮಗಿಂತ ದೊಡ್ಡವರ ಮ್ಯಾಲೆ. ಈ ಲಫ್ಜ್, ಈ ಮಾತು, ಹಂಗಲ್ಲ, ಇದು ಮ್ಯಾಲಿಂದ ಕೆಳಗ ನೋಡೋದು. ಎದುರಿಗೆ ನಿಂತಾವ ಲೆಕ್ಕಕ್ಕೇ ಇಲ್ಲ ಅಂದಂಗ. ನೋಟಕ್ಕೂ ಹಚ್ಚಬಹುದು, ನಗಿಗೂ ಹಚ್ಚಬಹುದು. ಸುಮ್ಮನಿರೋದಕ್ಕೂ ಹಚ್ಚಬಹುದು. ನೀರು ಕೇಳಿದವಗ ನೀರೇನೋ ಕೊಡ್ತಾರ, ತಂಬಗಿ ಮುಟ್ಟಗೊಡದಂಗ ಮ್ಯಾಲಿಂದ ಸುರೀತಾರಲ್ಲ, ಆ ಕೈಗೂ ಹಚ್ಚಬಹುದು.’ ಹಸನಸಾಬ ಬಸಿ ಎತ್ತಿಕೊಳ್ಳುತ್ತ ಹೇಳಿದ, ‘ಹಿಂದ ನಾ ಇದನ್ನ ಹುಡುಗರಿಗೆ ಡಿಕ್ಷನರಿ ನೋಡಿ ಹೇಳಿಕೊಡ್ತಿದ್ದೆ. ಉರ್ದು ಕ್ಲಾಸು ಖಾಲಿ ಆದಾಗಿಂದ ಡಿಕ್ಷನರಿ ಬೇಕಾಗಿಲ್ಲ, ಮಂದಿ ನನ್ನ ನೋಡೋ ನೋಟದಾಗೇ ಅರ್ಥ ಸಿಗ್ತದ.’

ದೇವಿಂದ್ರಪ್ಪ ಗೆಳೆಯನ ಬಸಿಗೆ ಮತ್ತಷ್ಟು ಚಹಾ ಸುರಿದ.

ಅಷ್ಟರಲ್ಲಿ ಬಾಗಿಲ ಮರೆಯಿಂದ ನಗು ಕೇಳಿಸಿತು. ಸಂಗಣ್ಣ ಹೋದ ಮೇಲೆ ಆ ಮನೆಯಲ್ಲಿ ಚಂದಮ್ಮ ನಕ್ಕದ್ದು ಅದೇ ಮೊದಲು. ಹಂಪಮ್ಮ ಹೆದರಿ ಒಲೆ ಬಿಟ್ಟು ಎದ್ದು ಬಂದಳು.

‘ಕೆಳಗ ನೋಡಬೇಕಂದ್ರ ಮ್ಯಾಲ ನಿಂತಿರಬೇಕಲ್ರಿ ಕಾಕಾ? ಬಾವಿಕಟ್ಟಿ ಮ್ಯಾಗ ನನ್ನ ಕೊಡಕ್ಕ ಜಾಗಾ ಇದ್ದಿಲ್ಲ. ಇಂಥಾಕಿ ದೊಡ್ಡ ಸಾಹೇಬ್ರನ್ನ ಮ್ಯಾಲಿಂದ ಕೆಳಗ ನೋಡಿದ್ಲಂತ! ಅವರಾಗೇ ಏರಿಸಿ ನಿಲ್ಲಿಸ್ಯಾರ ನೋಡ್ರಿ ನನ್ನ!’

ನಗುತ್ತ ನಗುತ್ತ ಆಕೆಯ ಕಣ್ಣಲ್ಲಿ ನೀರು ಬಂತು. ಅವಮಾನದ ನೀರಲ್ಲ ಅದು. ತಪ್ಪಾಗಿಯೇ ಇರಲಿ, ಒಬ್ಬ ಮನುಷ್ಯ ತನ್ನನ್ನು ಅಷ್ಟು ಎತ್ತರದಲ್ಲಿ ಕಂಡನಲ್ಲ ಎಂದು ಆಕೆಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆ ಬೇಡವೆನ್ನುವ ಹಕ್ಕು ನನಗಂತೂ ಇಲ್ಲ.

‘ನಗೋದಿರಲಿ, ನಾಳೆ ಏನು ಮಾಡ್ತಿ?’ ಎಂದ ದೇವಿಂದ್ರಪ್ಪ. ‘ಹೇಳಿಬಿಡವ್ವಾ ನನ್ನ ಹೆಸರು. ಅದೇನು ಬೆಲ್ಲದ ಹೆಂಟಿ ಏನು, ಬಾಯಾಗ ಹಾಕಿಕೊಂಡ್ರ ಕರಗಾಕ?’

‘ಬಾಯಿ ಮುಚ್ಚರಿ!’ ಎಂದು ಹಂಪಮ್ಮ ಗದರಿದಳು. ‘ಒಮ್ಮೆ ಆಗಿದ್ದು ಸಾಲದೇನು?’

ಚಂದಮ್ಮನ ನಗು ನಿಂತುಹೋಯಿತು. ಗೋಡೆಗೆ ತಿರುಗಿ, ‘ನೌಕರಿ ಹೋದ್ರ ಹೋಗಲಿ ಅಂತ ಹೇಳು. ಆ ಹೆಸರು ಮಾತ್ರ ನಾ ಹಿಡಿಯಂಗಿಲ್ಲ’ ಎಂದಳು. ಸಾಲಿ ಎಂದರೆ ಆಕೆಗೆ ಜೀವ. ಆದರೆ ತನ್ನನ್ನು ಹೊಸ್ತಿಲು ದಾಟಿಸಿದ ಆ ಮುದುಕ ಜೀವಕ್ಕಿಂತ ಹೆಚ್ಚು.

ಮರುದಿನ ಮುಂಜಾನೆ ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಚಂದಮ್ಮ ಸೆರಗನ್ನು ಹೆಗಲಿಗೆ ಸರಿಸಿ ಅವರ ಎದುರಿಗೇ ನಿಂತಳು.

‘ಸಾಹೇಬ್ರ, ನಿನ್ನೆ ಅಂದ ಮಾತಿನ ಅರ್ಥ ಕೇಳಿ ತಿಳಕೊಂಡೀನ್ರಿ. ನಿಮ್ಮನ್ನ ನಾ ಕೆಳಗ ನೋಡಿಲ್ರಿ. ನಿಮ್ಮ ಹೆಸರೇ ನಮ್ಮ ಮಾವನವರ ಹೆಸರು. ಅವರ ಮುಂದ ನಿಂತಂಗ ನಿಮ್ಮ ಮುಂದ ನಿಂತೆ. ನನ್ನ ಕಣ್ಣಿಗೆ ಅವರಿಗಿಂತ ದೊಡ್ಡವರು ಈ ಊರಾಗ ಯಾರೂ ಇಲ್ರಿ.’

ಸಾಹೇಬರು ಕೂತಲ್ಲಿಂದ ಎದ್ದುಬಿಟ್ಟರು. ಅವರೂ ಕನ್ನಡದ ಮನೆಯಲ್ಲಿ ಹುಟ್ಟಿದವರು, ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ‘ಅಯ್ಯ ಯವ್ವಾ, ನಿನ್ನೇನೇ ಹೇಳಬಾರದೇನು? ನಮ್ಮವ್ವ ಇವತ್ತಿಗೂ ನಮ್ಮಪ್ಪನ್ನ ಕರೀಬೇಕಾದ್ರ ಬಾಗಿಲ ಚಿಲಕಾ ಬಡೀತಾಳ. ಆ ಮಾತು ನಾ ವಾಪಸ್ ತಗೊಂಡೆ.’

‘ವಾಪಸ್ ಬ್ಯಾಡ್ರಿ, ನನ್ನ ಹಂತ್ಯಾಕೇ ಇರಲಿ. ಅಷ್ಟು ದೊಡ್ಡ ಮಾತು ನನಗ ಯಾರೂ ಅಂದಿಲ್ಲ’ ಎಂದಳು ಚಂದಮ್ಮ. ಹೆಡ್‌ಮಾಸ್ತರರು ನಕ್ಕರು, ಸಾಹೇಬರೂ ನಕ್ಕರು. ನೌಕರಿ ಉಳಿಯಿತು. ಹೆಸರೂ ಹೇಳಬೇಕಾಗಲಿಲ್ಲ. ಕಥೆ ಇಲ್ಲಿಗೇ ಮುಗಿಯಬಹುದಿತ್ತು.

‘ನಡೀಲಿ, ಹಾಜರಿ ಕರೀರಿ’ ಎಂದರು ಸಾಹೇಬರು.

ಒಂದೇ ಹೆಸರಿನ ಹುಡುಗಿಯರು ಬಹಳ ಇದ್ದುದರಿಂದ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಸೇರಿಸಿ ಕೂಗುವುದು ಸಾಲಿಯ ರೂಢಿ. ‘ಮಲ್ಲಿಕಮ್ಮ ಹುಲಗಪ್ಪ’, ‘ಹಾಜರ್ ರೀ’. ‘ಸಾಯಬಮ್ಮ ಬೀರಣ್ಣ’, ‘ಹಾಜರ್ ರೀ’. ಹೀಗೇ ಸಾಗಿ, ‘ಗೊಲ್ಲಾಳಮ್ಮ’ ಎಂದಷ್ಟೇ ಕೂಗಿ ಚಂದಮ್ಮ ಮುಂದೆ ಹೋದಳು.

‘ತಡೀರಿ. ಈ ಹುಡುಗಿಗೆ ಅಪ್ಪ ಇಲ್ಲೇನು?’ ಎಂದು ಸಾಹೇಬರು ಕೇಳಿದರು.

ಹಿಂದಿನ ಸಾಲಿನಿಂದ ಹುಡುಗಿ ತಾನೇ ಎದ್ದು ನಿಂತಳು. ಹೆಗಲ ಮೇಲೆ ಅಪ್ಪನ ಹಳೆ ಕಂಬಳಿಯ ತುಂಡು. ‘ಅದಾನ್ರಿ. ಕುರಿ ಕಾಯ್ತಾನ್ರಿ. ಅದಕ್ಕ ಅಕ್ಕೋರು ಅವನ ಹೆಸರು ಕರಿಯಂಗಿಲ್ರಿ.’

ದೂರು ಹೇಳುವ ದನಿಯೇ ಅಲ್ಲ ಅದು. ಮಳೆ ಬಂದರೆ ನೆಲ ತೊಯ್ಯುತ್ತದೆ ಎನ್ನುವಂತೆ ಹೇಳಿದಳು. ಎಲ್ಲರ ಅಪ್ಪಂದಿರ ಹೆಸರು ದಿನವೂ ಆ ಪಡಸಾಲೆಯಲ್ಲಿ ಮೊಳಗುವಾಗ ತನ್ನ ಅಪ್ಪನದು ಮಾತ್ರ ಯಾಕೆ ಇಲ್ಲ ಎಂದು ಆ ಮಗು ಯೋಚಿಸಿ, ತಾನೇ ಕಾರಣ ಕಂಡುಕೊಂಡು, ಒಪ್ಪಿಕೊಂಡುಬಿಟ್ಟಿತ್ತು. ಆ ಕುರಿ ಕಾಯುವವನ ಹೆಸರೂ ದೇವಿಂದ್ರಪ್ಪ. ಚಂದಮ್ಮ ದಿನವೂ ಜಾಣತನದಿಂದ ದಾಟಿಕೊಂಡು ಬಂದದ್ದು ಅದನ್ನೇ.

ಸಾಹೇಬರು ಹಾಜರಿ ಪುಸ್ತಕದಲ್ಲಿ ಆ ಹೆಸರು ನೋಡಿದರು, ಅವರಿಗೆ ಎಲ್ಲ ತಿಳಿಯಿತು. ಚಂದಮ್ಮನಿಗೆ ಹಸನಸಾಬ ಹೇಳಿದ್ದು ಕಿವಿಯಲ್ಲಿ ಕೂಗಿತು: ಸುಮ್ಮನಿರೋದಕ್ಕೂ ಹಚ್ಚಬಹುದು. ಸಾಹೇಬರ ವಿಷಯದಲ್ಲಿ ಆ ಬಿರುದು ಸುಳ್ಳು, ಅದಕ್ಕೇ ಅದನ್ನು ನಗುತ್ತ ಇಟ್ಟುಕೊಳ್ಳಬಹುದಿತ್ತು. ಈ ಹುಡುಗಿಯ ಕಣ್ಣಿನಲ್ಲಿ ಅದು ನಿಜವಾಗಿತ್ತು. ಕೊಡ ಸರಿಸಿದ ಕೈಗಳನ್ನು ಕಂಡವಳು ಚಂದಮ್ಮ. ತಾನೂ ದಿನಾ ಒಂದು ಕೊಡ ಸರಿಸುತ್ತಿದ್ದೆನೆಂದು ಆಕೆಗೆ ಈಗ ತಿಳಿಯಿತು.

ಬಾಯಿ ತೆರೆದಳು. ಕಣ್ಣೆದುರಿಗೆ ಬಂದದ್ದು ಅಂಗಡಿಯ ಕಟ್ಟೆ, ನೀಲಿಗಟ್ಟಿದ ಮೈ. ಹಿಂದಿನ ಸಾಲಿನಲ್ಲಿ ಗೊಲ್ಲಾಳಮ್ಮ ಕೂರಬೇಕೋ ನಿಲ್ಲಬೇಕೋ ತಿಳಿಯದೆ ಕಂಬಳಿಯ ತುದಿ ತಿರುವುತ್ತಿದ್ದಳು. ಚಂದಮ್ಮ ಆಕೆಯ ಮುಖ ನೋಡಿದಳು, ಬೆನ್ನು ನೆಟ್ಟಗೆ ಮಾಡಿದಳು, ಓಣಿಯ ಆಚೆಗೂ ಕೇಳುವಂತೆ ಕೂಗಿದಳು:

‘ಗೊಲ್ಲಾಳಮ್ಮ ದೇವಿಂದ್ರಪ್ಪ!’

‘ಹಾಜರ್ ರೀ!’ ಎಂದಳು ಹುಡುಗಿ. ಅಷ್ಟು ದೊಡ್ಡ ದನಿ ಆಕೆಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಆ ದನಿ ಅಡಗುವ ಮೊದಲೇ ಹೊರಗಿನ ಬೇವಿನ ಮರದ ಕೆಳಗಿನಿಂದ ಇನ್ನೊಂದು ದನಿ ಬಂತು. ಸೊಸೆಯ ನೌಕರಿ ಏನಾಗುವುದೋ ಎಂದು ಅಂಗಡಿಗೆ ಬೀಗ ಹಾಕಿ, ಆಕೆಗೆ ಕಾಣದಂತೆ ಹಿಂದೆಯೇ ಬಂದು ಕೂತಿದ್ದ ಕಿರಾಣಿ ಅಂಗಡಿಯ ದೇವಿಂದ್ರಪ್ಪ ಎದ್ದು ನಿಂತಿದ್ದ.

‘ಓ! ಇಲ್ಲೇ ಅದೀನವ್ವಾ! ಗಟ್ಟಿಮುಟ್ಟ ಅದೀನಿ! ಇನ್ನೊಮ್ಮೆ ಕರಿ!’

ಚಂದಮ್ಮ ಇನ್ನೊಮ್ಮೆ ಕರೆದಳು.